ಎರವಲು ಪುಸ್ತಕಗಳ ಸೀಮೆ

1913ರಲ್ಲಿ ನಂಜನಗೂಡಿನಲ್ಲಿ ಎರಡು ಕೆಲಸಗಳು ಶುರುವಾದವು. ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದರು. ಅಲ್ಲಿಯ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ತಿರುಗಿತು. ಅದೇ ವರ್ಷ ಇಪ್ಪತ್ತಾರರ ಹರೆಯದ ವಿಧವೆಯೊಬ್ಬರು ‘ಸತೀಹಿತೈಷಿಣೀ ಗ್ರಂಥಮಾಲೆ’ ಕಟ್ಟಿ, ತಾವೇ ಬರೆದ ‘ಸುಶೀಲೆ’ ಕಾದಂಬರಿಯನ್ನು ಅದರ ಮೂಲಕ ಹೊರತಂದರು. ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾನೂನು ತಂದದ್ದೂ 1913ರಲ್ಲೇ. ಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಸರ್ಕಾರ ಹೊರಟಾಗ, ಆ ಅಕ್ಷರ ಕಲಿತ ಹುಡುಗಿ ಮುಂದೆ ಏನು ಓದಬೇಕು ಎಂದು ಕಪಿಲೆಯ ದಡದ ಒಂದು ಮನೆಯಲ್ಲಿ ಒಬ್ಬಾಕೆ ಯೋಚಿಸಿಯಾಗಿತ್ತು.

ಆಕೆ ನಂಜನಗೂಡು ತಿರುಮಲಾಂಬಾ. ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಇಂದಿನ ಲೆಕ್ಕದಲ್ಲಿ ಒಂಬತ್ತನೇ ತರಗತಿಯಲ್ಲಿ ಕುಳಿತಿರಬೇಕಾದ ಹುಡುಗಿಗೆ ಅಲ್ಲಿಂದಾಚೆ ಒಳಮನೆಯೇ ಪ್ರಪಂಚ. ತಂದೆ ಪುಸ್ತಕ ತಂದುಕೊಟ್ಟರು, ಕೂರಿಸಿಕೊಂಡು ಪಾಠ ಹೇಳಿದರು. ಕನ್ನಡದ ಜೊತೆ ತೆಲುಗು, ತಮಿಳು ಪುಸ್ತಕಗಳನ್ನೂ ಆಕೆ ಓದಿಕೊಂಡರು. ಮುಂದೆ ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದರು. ಅದಕ್ಕೆ ‘ಮಾತೃಮಂದಿರ’ವೆಂಬ ಹೆಸರಿತ್ತು. ಆಮೇಲೆ ಆ ಹುಡುಗಿಯರಂಥವರಿಗಾಗಿಯೇ ಕಾದಂಬರಿ ಬರೆಯತೊಡಗಿದರು. ‘ನಭಾ’, ‘ವಿರಾಗಿಣಿ’, ‘ಮಾತೃನಂದಿನಿ’ ಒಂದರ ಹಿಂದೊಂದು ಬಂದವು. ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ಬಂತು, ‘ಸನ್ಮಾರ್ಗದರ್ಶಿ’ ಬಂತು. ಬರೆಯುವುದು, ತಿದ್ದುವುದು, ಅಚ್ಚು ಹಾಕಿಸುವುದು, ಓದುಗರಿಗೆ ತಲುಪಿಸುವುದು ಎಲ್ಲ ಅವರದೇ.

ಹದಿಹರೆಯದವರಿಗೆಂದು ಬೇರೆಯೇ ಕಾದಂಬರಿ ಬೇಕು ಎಂಬ ಮಾತು ಅಮೆರಿಕದ ಪ್ರಕಾಶಕರ ನಡುವೆ ಬಲವಾದದ್ದು 1967ರ ನಂತರ. ಎಸ್.ಇ. ಹಿಂಟನ್ ಎಂಬ ಹುಡುಗಿ ಶಾಲೆಯಲ್ಲಿದ್ದಾಗಲೇ ಬರೆಯತೊಡಗಿದ ‘ದಿ ಔಟ್‌ಸೈಡರ್ಸ್’ ಆ ವರ್ಷ ಪ್ರಕಟವಾಯಿತು. ಕನ್ನಡದ ಪುಸ್ತಕದಂಗಡಿಯಲ್ಲಿ ಹದಿಹರೆಯದವರ ಕಪಾಟು ಇವತ್ತಿಗೂ ಸರಿಯಾಗಿ ಬಂದಿಲ್ಲ. ಮಕ್ಕಳ ಸಾಹಿತ್ಯ ಒಂದು ಕಡೆ, ದೊಡ್ಡವರ ಸಾಹಿತ್ಯ ಇನ್ನೊಂದು ಕಡೆ. ನಡುವಿನ ಹದಿಮೂರರಿಂದ ಹತ್ತೊಂಬತ್ತರವರೆಗಿನ ಓದುಗ ತನ್ನ ದಾರಿ ತಾನೇ ನೋಡಿಕೊಳ್ಳಬೇಕು. ಆ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡದಲ್ಲಿ ಮೊದಮೊದಲು ಬರೆದವರ ಸಾಲಿನಲ್ಲಿ ತಿರುಮಲಾಂಬಾ ಅವರನ್ನು ಮುಂದೆ ನಿಲ್ಲಿಸಬೇಕು. ಅವರ ನಾಯಕಿಯರು ಇಂದಿನ ಕಣ್ಣಿಗೆ ಅತಿಯಾದ ಪತಿವ್ರತೆಯರಂತೆ ಕಾಣಬಹುದು. ಆದರೆ ಕಾದಂಬರಿ ಓದಿದ ಹುಡುಗಿ ಕೆಡುತ್ತಾಳೆ ಎಂದು ಹಿರಿಯರು ಗಟ್ಟಿಯಾಗಿ ನಂಬಿದ್ದ ಕಾಲದಲ್ಲಿ, ಹಿರಿಯರು ಬೇಡವೆನ್ನಲಾರದಂಥ ಕಾದಂಬರಿಯನ್ನು ಅವಳ ಕೈಗಿಡಲು ಅದಕ್ಕಿಂತ ಸುಲಭವಾದ ಬಾಗಿಲು ಇರಲಿಲ್ಲ.

ಅಚ್ಚಿನ ಪುಸ್ತಕ ಬರುವ ಮೊದಲೂ ಕಾವೇರಿ-ಕಪಿಲೆಯರ ನಡುವಿನ ಈ ಸೀಮೆಯಲ್ಲಿ ಹರೆಯದವರಿಗೆ ಕಥೆಗೆ ಬರವಿರಲಿಲ್ಲ. ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ಊರಿನಲ್ಲಿ ಒಬ್ಬರು ರಾಗವಾಗಿ ಓದಿದರೆ, ಇನ್ನೊಬ್ಬರು ಅರ್ಥ ಹೇಳಿದರೆ, ಜಗಲಿ ತುಂಬ ಜನ ಕೇಳುತ್ತಿದ್ದರು. ನೆರೆಯ ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದದ್ದು ಸಾಂಗತ್ಯದಲ್ಲಿ, ಅಂದರೆ ಹಾಡಿಕೊಳ್ಳಲು ಒಗ್ಗುವ ಮಟ್ಟಿನಲ್ಲಿ. ಓದು ಬಾರದ ಹೆಣ್ಣುಮಗಳೂ ಅದನ್ನು ಕಿವಿಯಿಂದ ಕಲಿಯಬಹುದಿತ್ತು. ಇತ್ತ ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡುತ್ತಿದ್ದರು. ದೇವರಗುಡ್ಡರ ಬಾಯಲ್ಲಿ ಮಾದಪ್ಪನ ಕಥೆ ಇತ್ತು. ಮಠದ ಓಲೆಗರಿ ಯಾರ ಕೈಗೆ ಸಿಗುತ್ತಿರಲಿಲ್ಲವೋ ಅವರಿಗೆ ಈ ರಾತ್ರಿಗಳೇ ಗ್ರಂಥಾಲಯ.

ಇದೇ ಸೀಮೆಯ ಬನ್ನೂರಿನ ಓದುಗನೆಂದರೆ ಇತಿಹಾಸ ಮೊದಲು ನೆನೆಯುವುದು ವ್ಯಾಸರಾಯರನ್ನು. ಹದಿನೈದನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದ ಹುಡುಗ ಅಬ್ಬೂರಿನ ಬ್ರಹ್ಮಣ್ಯತೀರ್ಥರ ಕೈಗೆ ಹೋದ. ಅಲ್ಲಿಂದ ಶಾಸ್ತ್ರಗಳಿಗಾಗಿ ಕಂಚಿಗೆ, ಮತ್ತೆ ಶ್ರೀಪಾದರಾಜರ ಬಳಿ ಮುಳಬಾಗಿಲಿಗೆ ಹೋದ. ಮುಂದೆ ‘ನ್ಯಾಯಾಮೃತ’ದಂಥ ಕಠಿಣ ಗ್ರಂಥ ಬರೆದವರೂ, ಹಾಡಾಗಿ ಇಡೀ ದೇಶ ಬಲ್ಲ ದಾಸರ ಪದಗಳನ್ನು ರಚಿಸಿದವರೂ ಅವರೇ. ಪುಸ್ತಕ ಬೇಕಾದರೆ ಊರು ಬಿಟ್ಟು ನಡೆಯಬೇಕು ಎಂಬುದು ಬನ್ನೂರಿನ ಹುಡುಗರಿಗೆ ಅಂದಿನಿಂದ ಅಂಟಿದ ಪಾಡು. ಇದಕ್ಕೆ ತೀರ ಲೌಕಿಕವಾದ ಕಾರಣವೂ ಇದೆ. ನಂಜನಗೂಡಿಗೆ ಮೈಸೂರಿನಿಂದ ರೈಲು ಬಂದದ್ದು 1891ರಲ್ಲಿ. 1735ರಷ್ಟು ಹಳೆಯ ಕಪಿಲಾ ಸೇತುವೆಯ ಮೇಲೆಯೇ ಹಳಿ ಹಾಕಿ ಬಂಡಿ ಓಡಿಸಿದರು. ಬನ್ನೂರಿಗಾಗಲಿ ತಿ. ನರಸೀಪುರಕ್ಕಾಗಲಿ ರೈಲು ಬರಲೇ ಇಲ್ಲ. ಸೋಮನಾಥಪುರದ ದೇವಸ್ಥಾನ ನೋಡಲು ಹೊರಗಿನವರು ಬನ್ನೂರು ದಾಟಿ ಹೋಗುತ್ತಾರೆ, ಬನ್ನೂರಿನ ಕುರಿಗೆ ದೂರದೂರದಿಂದ ಗಿರಾಕಿ ಬರುತ್ತಾರೆ. ಪುಸ್ತಕ ಮಾತ್ರ ಮೈಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಅಣ್ಣನ, ಅಕ್ಕನ ಚೀಲದಲ್ಲಿ ಬರಬೇಕು.

ಹಾಗೆ ಬಂದ ಪುಸ್ತಕ ಒಬ್ಬರದಾಗಿ ಉಳಿಯುತ್ತಿರಲಿಲ್ಲ. ಒಂದು ಕಾದಂಬರಿ ಒಂದು ಬೀದಿಯನ್ನೇ ಸುತ್ತಿ ರಟ್ಟು ಕಿತ್ತು, ಮೊದಲ ಹತ್ತು ಪುಟ ಕಳೆದುಕೊಂಡು ಮರಳುತ್ತಿತ್ತು. ಹಳೆಯ ಮೈಸೂರಿನ ಯಾವ ಊರಿನಲ್ಲಿ ಕೇಳಿದರೂ ಹಿರಿಯರು ಇದನ್ನು ಹೇಳುತ್ತಾರೆ: ಹೆಸರು ಗೊತ್ತಿಲ್ಲದ, ಬರೆದವರು ಯಾರೆಂದು ತಿಳಿಯದ, ಕೊನೆ ಸಿಗದ ಕಾದಂಬರಿಗಳು. ಓದದೆ ಉಳಿದದ್ದೆಂದರೆ ಅವರಿಗೆ ಕೊಂಡು ಕಪಾಟಿನಲ್ಲಿಟ್ಟ ಪುಸ್ತಕವಲ್ಲ, ಕೈಯಿಂದ ಕೈಗೆ ಹೋಗುವಾಗ ಹರಿದುಹೋದ ಆ ಪುಟಗಳು.

ಹಳ್ಳಿಗೆ ಪುಸ್ತಕ ಮುಟ್ಟಿಸಲು ಸಂಸ್ಥೆಗಳು ಹೆಣಗಲಿಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ 1933ರಲ್ಲಿ ಹುಟ್ಟಿತು; ಅಧ್ಯಾಪಕರು ಊರೂರಿಗೆ ಹೋಗಿ ಭಾಷಣ ಮಾಡಿದರು, ಆ ಭಾಷಣಗಳೇ ಅಗ್ಗದ ಕಿರುಹೊತ್ತಗೆಗಳಾದವು. 1940ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಾಕ್ಷರತಾ ಸಮಿತಿ ಮುಂದೆ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಆಗತಾನೆ ಅಕ್ಷರ ಕಲಿತವರಿಗಾಗಿ ಅದು ‘ಬೆಳಕು’ ಎಂಬ ವಾರಪತ್ರಿಕೆ ತಂದಿತು, ಹಳ್ಳಿಗಳಲ್ಲಿ ಪುಟ್ಟ ಪುಸ್ತಕಭಂಡಾರಗಳನ್ನು ತೆರೆಯಿತು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿ ಹಿಡಿದು ರೈತಯುವಕರಿಗೆಂದು ನಂಜನಗೂಡಿನಲ್ಲಿ ವಿದ್ಯಾಪೀಠವನ್ನೂ ನಡೆಸಿತು. ಹಗಲು ಬೇಸಾಯ, ಕೈಕಸಬು. ಜೊತೆಗೆ ಓದು, ಹಾಡು, ನಾಟಕ. ಅಕ್ಷರ ಕಲಿಸಿ ಕೈಬಿಟ್ಟರೆ ಎರಡೇ ವರ್ಷದಲ್ಲಿ ಅದು ಮರೆತುಹೋಗುತ್ತದೆ, ಓದಲು ಇಷ್ಟವಾಗುವಂಥದ್ದು ಕೈಯಲ್ಲಿರಬೇಕು ಎಂಬ ತಿಳಿವಳಿಕೆ ಆ ಕೆಲಸದ ಹಿಂದಿತ್ತು. ಇಂದಿನ ಎಷ್ಟೋ ಯೋಜನೆಗಳಿಗಿಂತ ಅದು ಓದುಗನನ್ನು ಹತ್ತಿರದಿಂದ ಅರಿತಿತ್ತು.

ಆದರೂ ಹುಡುಗರನ್ನು ಓದಿಗೆ ಹಚ್ಚಿದ್ದು ಸಮಿತಿಗಳಿಗಿಂತ ಹೆಚ್ಚಾಗಿ ‘ಚಂದಮಾಮ’. ಮದರಾಸಿನಿಂದ 1947ರಲ್ಲಿ ತೆಲುಗು, ತಮಿಳಿನಲ್ಲಿ ಹೊರಟ ಆ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಬೇತಾಳ ಪ್ರತಿ ತಿಂಗಳೂ ಮರಕ್ಕೆ ಹಿಂದಿರುಗಿದ, ಹುಡುಗರು ಪ್ರತಿ ತಿಂಗಳೂ ಅವನಿಗಾಗಿ ಕಾದರು. ಚಂದಮಾಮ ಮುಗಿಸಿದ ಹುಡುಗನನ್ನು ಮುಂದೆ ಕರೆದುಕೊಂಡು ಹೋದವರು ಪತ್ತೇದಾರರು. 1950ರ ದಶಕದಿಂದ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡಿತು. ಹೆಚ್ಚು ಶಾಲೆ ಕಾಣದ, ಕೂಲಿನಾಲಿ ಮಾಡಿ ಬೆಳೆದ ಈ ಲೇಖಕ ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ವಿಮರ್ಶಕರು ಅವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಗೊಬ್ಬರದಂಗಡಿಯಲ್ಲಿ, ಆಲೆಮನೆಯಲ್ಲಿ, ಬಸ್ ಕಾಯುವ ಕಟ್ಟೆಯ ಮೇಲೆ ಕೂತು ಪೂರ್ತಿ ಒಂದು ಪುಸ್ತಕ ಓದಿ ಮುಗಿಸುವ ಧೈರ್ಯವನ್ನು ಸಾವಿರಾರು ಹುಡುಗರಿಗೆ ಕೊಟ್ಟವರು ಅವರು, ಎಂ. ರಾಮಮೂರ್ತಿ ಮುಂತಾದ ಪತ್ತೇದಾರಿ ಲೇಖಕರು. ಕನ್ನಡದ ಓದಿನ ಚರಿತ್ರೆ ಬರೆಯುವವರು ಆ ಋಣವನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಹುಡುಗಿಯರ ದಾರಿ ಬೇರೆ. ಅವರಿಗೆ ಬಸ್ ನಿಲ್ದಾಣದ ಅಂಗಡಿ ಇರಲಿಲ್ಲ, ವಾರಪತ್ರಿಕೆ, ಮಾಸಪತ್ರಿಕೆ ಇದ್ದವು. ‘ಪ್ರಜಾಮತ’ ಇತ್ತು, 1965ರಿಂದ ‘ಸುಧಾ’, 1968ರಿಂದ ‘ಮಯೂರ’ ಬಂದವು. ಮನೆಗೆ ಪತ್ರಿಕೆ ಬಂದರೆ ಧಾರಾವಾಹಿಯ ಪುಟವನ್ನು ಯಾರು ಮೊದಲು ಓದಬೇಕೆಂದು ಅಕ್ಕತಂಗಿಯರ ನಡುವೆ ಜಗಳ. ಎಲ್ಲರೂ ಓದಿದ ಮೇಲೆ ಆ ಪುಟಗಳನ್ನು ಕತ್ತರಿಸಿ, ಸೂಜಿದಾರದಿಂದ ಹೊಲಿದು, ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು ಹಾಕಿ ಇಟ್ಟುಕೊಳ್ಳುವ ಪದ್ಧತಿ ಮನೆಮನೆಯಲ್ಲಿತ್ತು. ಅಂಗಡಿಯಲ್ಲಿ ಕೊಳ್ಳಲಾಗದ ಕಾದಂಬರಿಯನ್ನು ಹೆಣ್ಣುಮಕ್ಕಳು ಹೀಗೆ ತಾವೇ ಕಟ್ಟಿಕೊಂಡರು. ಅಂಥ ಕಟ್ಟುಗಳು ಇಂದು ಯಾವ ಗ್ರಂಥಾಲಯದ ಪಟ್ಟಿಯಲ್ಲೂ ಇಲ್ಲ. ಕನ್ನಡದ ಹೆಣ್ಣು ಓದುಗರ ಇತಿಹಾಸಕ್ಕೆ ಅವುಗಳಷ್ಟು ನಂಬಲರ್ಹ ಸಾಕ್ಷಿ ಮತ್ತೊಂದಿರಲಾರದು. ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ಅವನ್ನು ತೂಕಕ್ಕೆ ಹಾಕದೆ ಕಾಪಾಡಬೇಕು.

ಮೈಸೂರಿನಲ್ಲಿದ್ದ ತ್ರಿವೇಣಿ ಈ ಹುಡುಗಿಯರನ್ನು ಬೇರೆ ಯಾರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮನಶ್ಶಾಸ್ತ್ರ ಓದಿ, 1963ರಲ್ಲಿ ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ ತೀರಿಕೊಂಡ ಅವರು ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಬಾಣಂತಿಯ ಮನಸ್ಸು ಕದಡುವುದನ್ನು, ಗುಣವಾದ ಮೇಲೂ ಸಮಾಜ ಅವಳನ್ನು ಹುಚ್ಚಿಯೆಂದೇ ನೋಡುವುದನ್ನು ‘ಶರಪಂಜರ’ ಹೇಳಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಸಂಗತಿ ಅದು. ಹದಿನೇಳರ ಹುಡುಗಿ ಅದನ್ನು ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದಳು. ಪುಟ್ಟಣ್ಣ ಕಣಗಾಲರ ಸಿನಿಮಾ ಬಂದ ಮೇಲೆ ಆ ಕಥೆ ಎಲ್ಲರದಾಯಿತು. ತಿರುಮಲಾಂಬಾ ಹಿರಿಯರ ಒಪ್ಪಿಗೆ ಪಡೆದು ತೆರೆದ ಬಾಗಿಲಿನಿಂದ ಒಳಗೆ ಬಂದ ಹುಡುಗಿ ಅರ್ಧ ಶತಮಾನದಲ್ಲಿ ಯಾರ ಒಪ್ಪಿಗೆಗೂ ಕಾಯದ ಜಾಗ ಮುಟ್ಟಿದ್ದಳು. ಇಷ್ಟರ ನಡುವೆ ತಿರುಮಲಾಂಬಾ ಅವರನ್ನು ಓದುವವರು ಇಲ್ಲವಾದರು. ಮದರಾಸಿನಲ್ಲಿ ದೀರ್ಘಕಾಲ ತೆರೆಮರೆಯಲ್ಲಿದ್ದು ಅವರು 1982ರಲ್ಲಿ ನಿಧನರಾದರು. ವಿಜಯಾ ದಬ್ಬೆಯವರಂಥ ವಿದ್ವಾಂಸೆಯರು ಅವರ ಬರಹವನ್ನು ಹುಡುಕಿ ಮತ್ತೆ ಚರ್ಚೆಗೆ ತಂದರು. ಬೆಂಗಳೂರಿನ ಎನ್‌ಎಂಕೆಆರ್‌ವಿ ಕಾಲೇಜಿನ ‘ಶಾಶ್ವತಿ’ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತದೆ. ಪ್ರಶಸ್ತಿಯ ಹೆಸರು ಕೇಳಿದವರು ಬಹಳ, ‘ಸುಶೀಲೆ’ ಓದಿದವರು ವಿರಳ. ನಂಜನಗೂಡಿನ ಹೈಸ್ಕೂಲು ಹುಡುಗಿಯೊಬ್ಬಳಿಗೆ ತನ್ನೂರಿನ ಈ ಕಾದಂಬರಿ ಸಿಗಬೇಕಾದರೆ ಇಂದು ದೊಡ್ಡ ಗ್ರಂಥಾಲಯವನ್ನೇ ಹುಡುಕಿ ಹೋಗಬೇಕಾಗಿರುವುದು ನೋವಿನ ಸಂಗತಿ.

ಓದದೆ ಉಳಿದ ಪುಸ್ತಕಗಳು ರಾಶಿಯಾಗತೊಡಗಿದ್ದು ಸಾರ್ವಜನಿಕ ಗ್ರಂಥಾಲಯಗಳು ಬೆಳೆದ ಮೇಲೆ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು 1931ರಲ್ಲೇ ಸೂತ್ರ ಕಟ್ಟಿಕೊಟ್ಟಿದ್ದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಅವರು ಇಲ್ಲಿದ್ದಾಗಲೇ. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಬಂತು. ಜಿಲ್ಲಾ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿಗೆ ಗ್ರಂಥಾಲಯ ಇಳಿಯಿತು. ಜೊತೆಗೇ ಸಗಟು ಖರೀದಿ ಬಂತು. ವರ್ಷದಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಆಯ್ದವನ್ನು ಇಲಾಖೆ ಪ್ರಕಾಶಕರಿಂದ ನೂರಾರು ಪ್ರತಿಗಳ ಲೆಕ್ಕದಲ್ಲಿ ಕೊಂಡು ಹಂಚುತ್ತದೆ. ಸಣ್ಣ ಪ್ರಕಾಶಕರು ಉಸಿರಾಡಿದ್ದು ಇದರಿಂದಲೇ; ಇದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಕವಿತೆ, ವಿಮರ್ಶೆ ಅಚ್ಚೇ ಆಗುತ್ತಿರಲಿಲ್ಲ. ಆದರೆ ಪುಸ್ತಕ ಊರಿಗೆ ಬರುವುದು ಊರಿನ ಓದುಗ ಕೇಳಿದ್ದಕ್ಕಲ್ಲ, ಆಯ್ಕೆಯ ಪಟ್ಟಿಯಲ್ಲಿತ್ತು ಎಂಬುದಕ್ಕೆ. ಹದಿನಾರರ ಹುಡುಗನಿಗೆ ಬೇಕಾದ ಕಾದಂಬರಿ ಒಂದೇ ಪ್ರತಿ, ಅದೂ ಹರಿದದ್ದು. ಪಕ್ಕದಲ್ಲಿ ಅಭಿನಂದನ ಗ್ರಂಥಗಳು ಪುಟ ಬಿಚ್ಚದೆ ಹೊಳೆಯುತ್ತವೆ. ರಂಗನಾಥನ್ ಸೂತ್ರದ ಎರಡು ಭಾಗಗಳೂ ಒಂದೇ ಗೋಡೆಯ ಮುಂದೆ ಸೋತು ನಿಂತಂತೆ ಅದು ಕಾಣುತ್ತದೆ.

ಈ ನಡುವೆ ಒಬ್ಬ ಲೇಖಕ ಮಾತ್ರ ಖರೀದಿ ಪಟ್ಟಿಯ ಹಂಗಿಲ್ಲದೆ ಹರೆಯದವರ ಕೈ ಸೇರಿದರು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರದು. ಹಾರುವ ಓತಿಯನ್ನು ಅರಸಿ ಕಾಡಿಗೆ ಹೋದ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ: ಇದು ಹರೆಯದವರಿಗೆಂದು ಬರೆದ ಪುಸ್ತಕವಲ್ಲ. ಹರೆಯದವರು ಅದನ್ನು ತಮ್ಮದು ಮಾಡಿಕೊಂಡರು. ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’, ಕಾಡಿನ ಕಥೆಗಳು ಮೈಸೂರಿನ ‘ಪುಸ್ತಕ ಪ್ರಕಾಶನ’ದಿಂದ ಮುದ್ರಣದ ಮೇಲೆ ಮುದ್ರಣ ಕಂಡವು. ಮೈಸೂರಿಗೆ ಕಾಲೇಜಿಗೆ ಹೋಗುವ ಹಳ್ಳಿಯ ಹುಡುಗ ಮೊದಲ ಬಾರಿ ದುಡ್ಡು ಕೊಟ್ಟು ಕೊಂಡ ಕನ್ನಡ ಪುಸ್ತಕ ಯಾವುದೆಂದರೆ ಮೇಲಿಂದ ಮೇಲೆ ಕೇಳಿಬರುವುದು ಇವುಗಳ ಹೆಸರೇ. ಕೊಂಡಮೇಲೂ ಹಳೆಯ ಪದ್ಧತಿ ಬಿಡಲಿಲ್ಲ: ಆ ಪ್ರತಿ ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ನಡೆಯಿತು.

ಈಗಿನ ತಾಲ್ಲೂಕು ಗ್ರಂಥಾಲಯಕ್ಕೆ ಹೋದರೆ ಕುರ್ಚಿಗಳು ಖಾಲಿ ಇಲ್ಲ. ಯುವಕರೂ ಯುವತಿಯರೂ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಾರೆ, ಮುಂದೆ ಪೊಲೀಸ್ ನೇಮಕಾತಿಯ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಯ ಕೈಪಿಡಿಗಳು. ಹಿಂದಿನ ಕಪಾಟಿನ ಕಾದಂಬರಿ ಅವರಿಗೆ ಕಾಣದೆಯೇನಲ್ಲ. ಕೆಲಸ ಸಿಗುವವರೆಗೆ ಅದನ್ನು ಮುಂದಕ್ಕೆ ಹಾಕಿದ್ದಾರೆ. ಅವರನ್ನು ಓದದ ತಲೆಮಾರು ಎನ್ನುವವರು ಈ ಕುರ್ಚಿಗಳನ್ನು ಒಮ್ಮೆ ನೋಡಬೇಕು. ಇನ್ನೂ ಚಿಕ್ಕವರ ಕಡೆ ಸ್ವಲ್ಪ ಭರವಸೆ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದವು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಅವುಗಳ ಬಾಗಿಲು ತೆರೆಯಿತು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇರುವ ಇವನ್ನು ಈಗ ‘ಅರಿವು ಕೇಂದ್ರ’ಗಳೆನ್ನುತ್ತಾರೆ. ಆರರಿಂದ ಹದಿನೆಂಟು ವರ್ಷದವರಿಗೆ ಅಲ್ಲಿ ಹಕ್ಕಿನ ಜಾಗವಿದೆ. ಆದರೆ ಆರರ ಮಗುವಿಗೆ ಚಿತ್ರಪುಸ್ತಕ ಸಿಗುವಷ್ಟು ಸುಲಭವಾಗಿ ಹದಿನೇಳರವಳಿಗೆ ಕಾದಂಬರಿ ಸಿಗುವುದಿಲ್ಲ. ಬನ್ನೂರು ಸುತ್ತಲ ಪಂಚಾಯಿತಿಗಳಿಗೆ ಪುಸ್ತಕ ಆರಿಸುವವರು ಆ ಹದಿನೇಳರವಳನ್ನೇ ಕೇಳಿ ಆರಿಸಿದರೆ ಅರ್ಧ ಕೆಲಸ ಆದಂತೆ.

ಅವಳ ಕೈಗೆ ಮೊದಲು ಯಾವುದನ್ನು ಕೊಡಬೇಕು? ನಂಜನಗೂಡು ತಾಲ್ಲೂಕಿನ ದೇವನೂರಿನವರು ದೇವನೂರ ಮಹಾದೇವ. ಅವರ ‘ಕುಸುಮಬಾಲೆ’ 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ತೆಳುವಾದ ಪುಸ್ತಕ, ಆದರೂ ಕನ್ನಡದಲ್ಲಿ ಎತ್ತಿಕೊಂಡು ಅರ್ಧಕ್ಕೇ ಇಟ್ಟ ಪುಸ್ತಕಗಳ ಪಟ್ಟಿ ಮಾಡಿದರೆ ಇದು ಮೇಲುಸಾಲಿನಲ್ಲಿರುತ್ತದೆ. ಪಠ್ಯದ ಕನ್ನಡಕ್ಕೆ ಒಗ್ಗಿದ ಕಣ್ಣು ಅದರ ಮೊದಲ ಪುಟದಲ್ಲೇ ಎಡವುತ್ತದೆ, ಏಕೆಂದರೆ ಅದು ಬರೆದಿರುವುದು ಈ ಸೀಮೆಯ ದಲಿತ ಕೇರಿಯ ಮಾತಿನಲ್ಲಿ, ನೀಲಗಾರರ ಕಥನದ ಧಾಟಿಯಲ್ಲಿ. ಧಾರವಾಡದ, ಮಂಗಳೂರಿನ ಓದುಗನಿಗೆ ಇದು ಕಷ್ಟ. ನಂಜನಗೂಡು, ತಿ. ನರಸೀಪುರದ ಹುಡುಗಿ ಅದನ್ನು ಕಣ್ಣಿನಲ್ಲಿ ಓದದೆ ಗಟ್ಟಿಯಾಗಿ ಓದಿದರೆ ಅಜ್ಜಿಯ ಮಾತು ಕೇಳಿದಂತಾಗುತ್ತದೆ. ಸಿ. ಬಸವಲಿಂಗಯ್ಯನವರು ಅದನ್ನು ರಂಗಕ್ಕೆ ತಂದಾಗ, ಪುಟದಲ್ಲಿ ಎಡವಿದ್ದ ಎಷ್ಟೋ ಜನ ಕಿವಿಯಿಂದ ಅದರೊಳಗೆ ಹೊಕ್ಕರು. ಕಾಲೇಜಿನ ಕನ್ನಡ ಮೇಷ್ಟ್ರುಗಳು ಅದರ ಬಗ್ಗೆ ಭಾಷಣ ಮಾಡುವ ಮೊದಲು ತರಗತಿಯ ಒಬ್ಬೊಬ್ಬರಿಂದ ಒಂದೊಂದು ಪುಟ ಓದಿಸಬಹುದು. ಮೊದಲು ಸಾಕವ್ವ ಕೋಳಿ ಹುಡುಕುವ, ಮಹಾದೇವರದೇ ‘ಒಡಲಾಳ’ದಿಂದ ಶುರುಮಾಡಿಸಿ, ಆಮೇಲೆ ಇದಕ್ಕೆ ಬಂದರೆ ಇನ್ನೂ ಹಗುರ. ಅದಕ್ಕೆ ತರಗತಿಗೆ ಒಂದೇ ಪ್ರತಿಯಾದರೆ ಸಾಲದು, ಹತ್ತಾದರೂ ಬೇಕು. ಅಷ್ಟನ್ನು ಒಂದು ಪದವಿಪೂರ್ವ ಕಾಲೇಜು ತನ್ನ ಗ್ರಂಥಾಲಯದ ಹಣದಲ್ಲೇ ಕೊಳ್ಳಬಹುದು.